ರೊಟ್ಟಿ ಬಡಿಯಲು ಒಂದು ಜಾಗ

ಧಾರವಾಡದಲ್ಲಿ ವಿಜಯಪುರದ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಇಡೀ ನೌಕರಿಯನ್ನು ಬಸ್ಸಿನಲ್ಲಿ ನಿಂತೇ ಮುಗಿಸಿದವಳು ನಾನು. ಕಂಡಕ್ಟರ್ ಕೆಲಸದಿಂದ ನಿವೃತ್ತಳಾದ ಮೇಲೆ, ಕೂತು ಹೋಗುವುದನ್ನು ಈಗೀಗ ಕಲಿಯುತ್ತಿದ್ದೇನೆ. ಕಿಟಕಿ ಪಕ್ಕದ ಸೀಟು ಹಿಡಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಸವದತ್ತಿವರೆಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ಯರಗಟ್ಟಿಯಲ್ಲಿ ಆತ ಹಿಂದೆ ತಿರುಗಿಯೂ ನೋಡದೆ "ರೈಟ್" ಅಂದಾಗ ತಡೆಯಲಾಗಲಿಲ್ಲ. "ತಡೀಯಪಾ ಸ್ವಲ್ಪ! ಮುದುಕಿ ಇನ್ನೂ ಮೆಟ್ಟಲ ಮ್ಯಾಲ ಅದಾಳ!" ಎಂದು ಕೂಗಿಬಿಟ್ಟೆ. ಆತ ನನ್ನನ್ನು ಒಂದು ನಮೂನಿ ನೋಡಿದ. ಲೋಕಾಪುರದಲ್ಲಿ ಚಹಾ ಕುಡಿಯುವಾಗ ನಾನು ಯಾರೆಂದು ಗೊತ್ತಾಗಿ, "ಹಂಗನ್ರೀ ಅಕ್ಕಾರ, ನಮ್ಮವರ ಆದ್ರಿ" ಎಂದು ಚಹಾದ ದುಡ್ಡನ್ನು ತಾನೇ ಕೊಟ್ಟ.

ನಾನು ಹೊರಟಿದ್ದು ಜಮಖಂಡಿಗೆ, ತಂಗಿ ಮಾದೇವಿಯ ಕರೆಗೆ. ಅವಳ ಗಂಡ ಸಾವಳಗಿಯಲ್ಲಿ ಹೊಲ ನೋಡಿಕೊಳ್ಳುತ್ತಾನೆ. ಹೊಲದ ಬಿಳಿಜೋಳ ಬೀಸಿಸಿ ಇವಳು ಜಮಖಂಡಿಯ ಬಾಡಿಗೆ ಮನೆಯೊಂದರಲ್ಲಿ ಅಡುಗೆಮನೆ ನಡೆಸುತ್ತಾಳೆ. ಅದು ಕುರ್ಚಿ ಇಲ್ಲದ ಖಾನಾವಳಿ. ಒಳಗೆ ಬಂದು ಉಣ್ಣುವವರಿಲ್ಲ, ಬೋರ್ಡು ಕೂಡ ಇಲ್ಲ. ಫೋನಿನಲ್ಲಿ ಹೇಳಿದರೆ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಬೈಕಿನ ಮೇಲೆ ಮನೆಗೆ ಬರುತ್ತವೆ. ವಕೀಲರು, ದವಾಖಾನೆಯವರು, ರೂಮು ಮಾಡಿಕೊಂಡಿರುವ ಕಾಲೇಜು ಮಕ್ಕಳು ಎಲ್ಲ ಅವಳ ಗಿರಾಕಿಗಳು. ವ್ಯವಹಾರ ಛಲೋ ನಡೆದಿತ್ತು. ಹಾಗಿರುವಾಗ ಒಂದು ದಿನ ಫೋನು ಮಾಡಿದಳು.

"ಅಕ್ಕಾ, ರೊಟ್ಟಿ ಬಡಿಯೂ ಸಪ್ಪಳಾ ಜಾಸ್ತಿ ಆತಂತ ಮಾಲಕರು ಮನಿ ಬಿಡು ಅಂದಾರ. ಅಮಾಸಿ ಒಳಗ ಜಾಗಾ ಸಿಗಲಿಲ್ಲಂದ್ರ ರೊಟ್ಟಿ ಮಷಿನ್ ತರಬೇಕಾಗತೈತಿ. ಮಷಿನ್ ಬಂತಂದ್ರ ಬಾಳವ್ವಾರೆಲ್ಲಾ ಮನಿಗೆ ಹೋಗಬೇಕು. ನೀ ಊರೂರು ತಿರಗಿದಾಕಿ, ಒಂದು ಜಾಗಾ ಹುಡುಕಿಕೊಡವಾ."

ಹಿಟ್ಟಿನ ಉಂಡೆ ಹಾಕಿದರೆ ಆ ಯಂತ್ರ ಸದ್ದಿಲ್ಲದೆ ರೊಟ್ಟಿ ಒತ್ತುತ್ತದಂತೆ. ಬಾಳವ್ವ ಮತ್ತು ಅವಳ ಜೊತೆಗಿನ ಹೆಂಗಸರು ಕೈಯಿಂದ ರೊಟ್ಟಿ ಬಡಿಯುವವರು. ಅವರ ಕೈಯಿಂದಲೇ ಮಾದೇವಿಗೆ ಹೆಸರು ಬಂದದ್ದು. ಅವರನ್ನು ಹೊರಗೆ ಕಳಿಸುವುದು ಅವಳಿಗೆ ಬೇಡವಾಗಿತ್ತು. ನಾನು ಮರುದಿನವೇ ಚೀಲ ಹಿಡಿದೆ.

ಮುಧೋಳ ದಾಟಿ ಜಮಖಂಡಿ ಮುಟ್ಟಿದಾಗ ಊಟದ ಹೊತ್ತು. ಮನೆಯ ತಿರುವಿನಲ್ಲೇ ಸಪ್ಪಳ ಕೇಳಿಸಿತು. ಹೆಂಗಸರು ಸಾಲಾಗಿ ಕೂತು ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಟಪ ಟಪ ನಿಲ್ಲುವಷ್ಟರಲ್ಲಿ ಇನ್ನೊಬ್ಬಳದು ಶುರು. ನನ್ನ ಕಿವಿಗಂತೂ ಅದು ಹಬ್ಬ. ಆದರೆ ಮಹಡಿಯ ಮೇಲಿನವರ ಮಗಳು ಡಾಕ್ಟರ್ ಓದಿನ ಪರೀಕ್ಷೆಗೆ ಕೂತಿದ್ದಳು. ಸಂಜೆ ಬಂದ ಮಾಲಕರು ಒಳ್ಳೆಯ ಮನುಷ್ಯ, ಬಾಗಿಲಲ್ಲೇ ನಿಂತು ಕೈ ಮುಗಿದರು.

"ಬಾಯಾರ, ನಿಮ್ಮ ರೊಟ್ಟಿ ನಾನೂ ತಿಂತೀನ್ರಿ. ತಪ್ಪ ತಿಳೀಬ್ಯಾಡ್ರಿ. ಆ ಹುಡುಗಿ ಕಿವಿಯಾಗ ಹತ್ತಿ ಇಟಗೊಂಡು ಓದಾಕತ್ತೈತ್ರಿ. ನೋಡಿ ನನಗ ಕೆಟ್ಟನಸಾಕತ್ತೈತಿ."

ಜಗಳ ಆಡೋಣವೆಂದರೆ ಎದುರಿಗೆ ಕೆಟ್ಟವರೇ ಇಲ್ಲ. ಆ ಹುಡುಗಿ ಮೆಟ್ಟಿಲಿಳಿದು ಬಂದು ನಮ್ಮ ಮನೆಯಿಂದಲೇ ರೊಟ್ಟಿ ಒಯ್ದಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ನನಗೂ ಪಾಪ ಅನ್ನಿಸಿತು.

ಮರುದಿನ ಬೆಳಿಗ್ಗೆ ನಾನು ತೀರ್ಪು ಕೊಟ್ಟೆ. "ಬಸ್ ಸ್ಟ್ಯಾಂಡ್ ಹಂತ್ಯಾಕ ನೋಡೂಣು. ಅಲ್ಲಿ ಬಸ್ಸಿನ ಸಪ್ಪಳದಾಗ ನಿಮ್ಮದು ಯಾರಿಗೆ ಕೇಳಸ್ತೈತಿ?" ಬಸ್ ಸ್ಟ್ಯಾಂಡ್ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರಿರಲಿಲ್ಲ. ಮಾದೇವಿ, ನಾನು, ಬಾಳವ್ವ ಮೂವರೂ ಹೊರಟೆವು. ಬಾಳವ್ವನಿಗೆ ಅರವತ್ತು ದಾಟಿದೆ. ಮನೆಯಲ್ಲಿರು ಅಂದರೆ ಕೇಳಲಿಲ್ಲ. "ಕುಂತು ಬಡಿಯಾಕಿ ನಾನು. ಜಾಗಾ ನಾ ನೋಡಬ್ಯಾಡೇನು?" ಅಂದಳು.

ನಿಲ್ದಾಣದ ಎದುರಿಗೆ ಒಂದು ಕೋಣೆ ಖಾಲಿ ಇತ್ತು. ಗಾಳಿ, ನೀರು ಎಲ್ಲ ಸರಿ. ಬಾಳವ್ವ ಪರೀಕ್ಷೆಗೆಂದು ಕಲ್ಲಿನ ನೆಲದ ಮೇಲೆ ಅಂಗೈಯಿಂದ ನಾಲ್ಕು ಬಾರಿ ಬಡಿದಳು. ಅಷ್ಟಕ್ಕೇ ಬಾಗಿಲಲ್ಲಿ ಇಬ್ಬರು ಪ್ರಯಾಣಿಕರು! "ರೊಟ್ಟಿ ಅದಾವೇನ್ರಿ? ಊಟಕ್ಕ ಎಲ್ಲಿ ಕುಂದ್ರೂದು?" ಇನ್ನೂ ಒಲೆ ಇಲ್ಲ, ಹಿಟ್ಟಿಲ್ಲ. ಮಾದೇವಿ ಮಾತ್ರ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲಾರದೆ, "ಬರ್ರಿ, ಕುಂದ್ರರಿ, ನೀರ ಕುಡೀರಿ" ಎಂದು ತನ್ನ ಬುತ್ತಿಯನ್ನೇ ಬಿಚ್ಚಿದಳು. ಅವರು ನೆಮ್ಮದಿಯಾಗಿ ಉಂಡು, ಕೈ ತೊಳೆದು, ಇನ್ನಿಬ್ಬರಿಗೆ ಜಾಗ ತೋರಿಸಿ ಹೋದರು. ಆ ಹೊತ್ತಿಗೆ ನನಗೆ ಕಥೆ ತಿಳಿಯಿತು. ಇಲ್ಲಿ ಕೂತರೆ ಸಂಜೆಯೊಳಗೆ ಬೆಂಚು, ನಾಳೆ ಕುರ್ಚಿ, ನಾಡಿದ್ದು ಬಡಿಸುವವರು ಬೇಕು. ಕುರ್ಚಿ ಇಲ್ಲದ ಖಾನಾವಳಿ ದಾರಿಹೋಕರ ಕಣ್ಣಿಗೆ ಬೀಳಬಾರದು. ಬಿದ್ದರೆ ನನ್ನ ತಂಗಿಯಂಥವಳ ಕೈಯಲ್ಲಿ ಅದು ಉಳಿಯುವುದಿಲ್ಲ.

ಅಂದು ಮಧ್ಯಾಹ್ನ ಬೀರಪ್ಪ ಸಿಕ್ಕ. ಮಾದೇವಿಯ ರೊಟ್ಟಿಯನ್ನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುವವನು ಅವನೇ. ದಪ್ಪ ಮೀಸೆಯ, ಎರಡು ಮಕ್ಕಳ ತಂದೆ. ಅವನ ಮನೆತನದವರು ಕುರಿ ಕಾಯುವವರು, ಬೀರೇಶ್ವರನ ಭಕ್ತರು.

"ನಮ್ಮಪ್ಪ ಹುಲ್ಲು ಎಲ್ಲೈತಿ ನೋಡಿ ಕುರಿ ಹೊಡೀತಿದ್ದ. ನಾ ಹಸಿವು ಎಲ್ಲೈತಿ ನೋಡಿ ಗಾಡಿ ಹೊಡೀತೀನ್ರಿ," ಎಂದು ನಕ್ಕ. "ನನ್ನ ಕೇಳಿದ್ರ ಬನಹಟ್ಟಿಗೆ ನಡೀರಿ. ದಿನಾ ಅಲ್ಲಿಂದ ಫೋನ್ ಬರತಾವು. ಗಂಡಸರು ಮಗ್ಗದ ಮುಂದ, ಹೆಣ್ಮಕ್ಕಳು ಕಂಡಿಕಿಗೆ ನೂಲು ಸುತ್ತೂದರ ಮುಂದ. ರೊಟ್ಟಿ ಬಡಿಯಾಕ ಯಾರಿಗೂ ಪುರುಸೊತ್ತಿಲ್ಲ. ಇಲ್ಲಿಂದ ಒಯ್ಯೂದ್ರಾಗ ರೊಟ್ಟಿ ಚರ್ಮ ಆಗತಾವಂತ ನಾನ ಒಲ್ಲೆ ಅಂತೇನಿ."

"ಬನಹಟ್ಟಿ? ಏ, ಬ್ಯಾಡಪಾ! ಆ ಮಗ್ಗದ ಖಟ ಖಟದಾಗ ಯಾರ ಇರತಾರ? ತಲಿ ಚಿಟ್ಟ ಹಿಡೀತೈತಿ," ಅಂದೆ ನಾನು, ದೊಡ್ಡ ತಿಳಿದವಳ ಹಾಗೆ. ಆ ಊರಿಗೆ ಬಸ್ಸು ಒಯ್ದಾಗಲೆಲ್ಲ ಕಿವಿಗೆ ಸೆರಗು ಸುತ್ತಿಕೊಳ್ಳುತ್ತಿದ್ದವಳು. ಬೀರಪ್ಪ ಮೀಸೆ ತಿರುವಿಕೊಂಡು ಬೈಕು ಹತ್ತಿದ.

ಮೂರನೆಯ ದಿನ ಮುಧೋಳ. ಜಮಖಂಡಿಯಿಂದ ಮುಕ್ಕಾಲು ತಾಸಿನ ದಾರಿ. ರಸ್ತೆಯ ಎರಡೂ ಬದಿಗೆ ಕಬ್ಬು. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವುದರಿಂದ ಬಾಳವ್ವನ ಪಂಗಡ ದಿನವೂ ಬಂದು ಹೋಗಬಹುದು ಎಂಬುದು ನನ್ನ ಲೆಕ್ಕ. ಪೇಟೆಯ ಹಿಂದಿನ ಓಣಿಯಲ್ಲಿ ಚೊಕ್ಕ ಮಳಿಗೆ. ಬೈಕು ನಿಲ್ಲಲು ಬೇವಿನ ನೆರಳು. ಮಾಲಕನ ಬಾಗಿಲಲ್ಲಿ ಮುಧೋಳದ ತೆಳುಹೊಟ್ಟೆಯ ನಾಯಿ. ಅದು ನಮ್ಮನ್ನು ನೋಡಿ ಏಳಲೂ ಇಲ್ಲ. ಎಲ್ಲ ಕೂಡಿಬಂತು ಅನ್ನುವಷ್ಟರಲ್ಲಿ ಆತ ಕೇಳಿದ: "ಮಷಿನ್ ಯಾ ಕಡಿ ಇಡತೀರಿ?"

"ಮಷಿನ್ ಇಲ್ರಿ. ಕೈಲೆ ಬಡೀತೀವಿ," ಅಂದಳು ಮಾದೇವಿ.

"ಹಂಗಾದ್ರ ಬ್ಯಾಡ್ರಿ. ಪಕ್ಕದಾಗ ಟ್ಯೂಷನ್ ಕ್ಲಾಸ್ ಐತಿ. ಮಷಿನ್ ತಗೋರಿ, ನಾಳೆ ಕೀಲಿಕೈ ಕೊಡ್ತೀನಿ. ನಮ್ಮ ದೋಸ್ತನ ಅಂಗಡಿಯಾಗ ಐತಿ, ನೋಡಬರ್ರಿ."

ನೋಡಿಬಂದೆವು. ಅಂಗಡಿಯವನು ಒಂದು ಉಂಡೆ ಹಾಕಿ ಒತ್ತಿ ತೋರಿಸಿದ. ಗುಂಡಗೆ, ಸಪಾಟಾಗಿ, ಅಂಚು ಸ್ವಲ್ಪವೂ ಸೀಳದ ರೊಟ್ಟಿ. ಬಾಳವ್ವ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, "ಛಲೋ ಐತಿ" ಅಂದಳು. ಅದನ್ನು ಅಲ್ಲೇ ಇಟ್ಟು ಬಂದು ಬಸ್ಸಿನಲ್ಲಿ ಕೂತಳು. ಅವಳ ಗಟ್ಟಿಯಾದ ಅಂಗೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಮಾದೇವಿ ಅವಳ ಪಕ್ಕಕ್ಕೆ ಸರಿದು ಕೂತು, "ಅಮಾಸಿ ಇನ್ನೂ ಬಂದಿಲ್ಲ ಬಿಡಬೇ," ಅಂದಳು.

ಅಂದೇ ಬೀಳಗಿಗೂ ಹೋದೆವು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಬಿಟ್ಟುಬಂದವರ ಹೊಸ ಬಡಾವಣೆಗಳು ಆ ಕಡೆ ಬಹಳ. ಅಗಲ ರಸ್ತೆ, ದೂರದೂರ ಮನೆ. ಗಾಳಿ ಬೀಸಿದರೆ ಬಿಸಿ ಧೂಳು ಬಾಯಿಗೆ. ಅಲ್ಲೊಂದು ಒಂಟಿಮನೆ ಖಾಲಿ ಇತ್ತು. ಸುತ್ತ ಯಾರೂ ಇಲ್ಲ, ಎಷ್ಟು ಸಪ್ಪಳ ಮಾಡಿದರೂ ನಡೆದೀತು. ಅದರ ಮಾಲಕರು ಮೈಸೂರು ಕಡೆಯವರು. ಇಲ್ಲಿ ನೌಕರಿಯಲ್ಲಿದ್ದಾಗ ಕೊಂಡು, ಈಗ ತಮ್ಮೂರಿಗೆ ಮರಳಿದ್ದಾರೆ. ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆವು. ಮಾತು ಮಾದೇವಿಯದು.

"ಮನೇಲಿ ಏನು ಮಾಡ್ತೀರಮ್ಮ?"

"ಧಂದೆ ಐತ್ರಿ ಸರ್. ನಾಕು ಮಂದಿ ಹೆಣ್ಮಕ್ಕಳು ಮುಂಜಾನಿಂದ ಕುಂತು ಬಡೀತೀವ್ರಿ."

"ಬಡೀತೀರಾ? ಯಾರನ್ನಮ್ಮ?"

ಯಾವುದನ್ನು ಎಂದು ಕೇಳಿದರೆಂದು ತಿಳಿದು ಇವಳು ಉತ್ಸಾಹದಿಂದ, "ಹೆಚ್ಚಾಗಿ ಬಿಳಿಜ್ವಾಳಾ ಬಡೀತೀವ್ರಿ. ಥಂಡ್ಯಾಗ ಸಜ್ಜಿನೂ ಬಡೀತೀವ್ರಿ," ಅಂದಳು.

"ಸಜ್ಜಿ ಯಾರು? ಪೊಲೀಸ್ ಕೇಸ್ ಆಗಲ್ವೇನಮ್ಮ?"

ನಾನು ಫೋನು ಕಿತ್ತುಕೊಂಡು, "ರೊಟ್ಟಿ ಸರ್, ರೊಟ್ಟಿ! ನಿಮ್ಮ ಕಡೆ ತಟ್ಟೋದು ಅಂತಾರಲ್ಲ, ಅದು!" ಎಂದು ಕೂಗುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಮತ್ತೆಷ್ಟು ಬಾರಿ ಹಚ್ಚಿದರೂ ಎತ್ತಲಿಲ್ಲ. ಬಾಳವ್ವ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಪಾಪ ಸಜ್ಜಿ! ಯಾರ ಮನಿ ಮಗಳೋ!" ಮುಧೋಳದಿಂದ ಮುಚ್ಚಿದ್ದ ಬಾಯಿ ಹಾಗೆ ತೆರೆಯಿತು. ಮನೆ ತಪ್ಪಿದ್ದಕ್ಕೆ ಬೇಸರವಾಗಲೇ ಇಲ್ಲ.

ಮರಳುವ ಬಸ್ಸಿನಲ್ಲಿ ಮಾದೇವಿ ಒಮ್ಮೆಲೆ ನನ್ನ ಮೊಣಕೈ ತಿವಿದಳು. "ಅಕ್ಕಾ, ನಮ್ಮ ಸಪ್ಪಳ ಜಾಸ್ತಿ ಅಂತ ಹೌದಿಲ್ಲೋ ಊರೂರು ತಿರಗಾಕತ್ತಿದ್ದು? ಹಂಗಾದ್ರ ನಮಗಿಂತ ಜಾಸ್ತಿ ಸಪ್ಪಳ ಇದ್ದ ಊರಿಗೆ ಹೋಗೂದು ಬಿಟ್ಟು, ಸುಮ್ಮನಿದ್ದ ಊರು ಯಾಕ ಹುಡಕಾಕತ್ತೀವಿ? ಬ್ಯಾಡ ಅಂದಾಕಿ ನೀನ!"

ನಾನು ಕೂತಲ್ಲಿಂದಲೇ ಬೀರಪ್ಪನಿಗೆ ಫೋನು ಹಚ್ಚಿ, ಬನಹಟ್ಟಿಯಲ್ಲಿ ಒಂದು ಜಾಗ ನೋಡಿಡು ಅಂದೆ.

ಮರುದಿನ ಬನಹಟ್ಟಿ. ರಾಂಪುರ ಬರುತ್ತಲೇ ಮಗ್ಗಗಳು ಶುರು. ಬಸ್ಸಿಳಿದ ಮೇಲೆ ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಓಣಿಓಣಿಯಲ್ಲೂ ಖಟಕ್ ಖಟಕ್. ಬಾಗಿಲಲ್ಲಿ ಬಣ್ಣದ ನೂಲು ಒಣಗಲು ಹಾಕಿದ್ದರು. ಬೀರಪ್ಪ ಮೊದಲೇ ಬಂದು ಜಾಗ ನೋಡಿಟ್ಟಿದ್ದ. ಇಲ್ಲಿಂದ ರಬಕವಿ, ರಾಂಪುರ, ಚಿಮ್ಮಡದವರೆಗೂ ರೊಟ್ಟಿ ಬಿಸಿ ಆರುವ ಮೊದಲೇ ಮುಟ್ಟಿಸುತ್ತೇನೆಂದು ಮೀಸೆ ತಿರುವಿದ.

ಜಾಗದ ಮಾಲಕನ ಹೆಸರು ಶಂಕ್ರಪ್ಪ. ಅವನ ಶೆಡ್ಡಿನ ಹಿಂದಿನ ಅರ್ಧದಲ್ಲಿ ಮಗ್ಗಗಳು ಓಡುತ್ತಿದ್ದವು. ಮುಂದಿನ ಅರ್ಧದ ಮಗ್ಗಗಳನ್ನು ಮಾರಿದ್ದ. ಅಲ್ಲಿ ಮಗ್ಗದ ಗುರುತಿನ ಕುಣಿಗಳು, ಕಲ್ಲುಹಾಸು, ಒಂದು ಹೊರಸು ಇಷ್ಟೇ ಇತ್ತು. "ನಮ್ಮದು ಸ್ವಲ್ಪ ಸಪ್ಪಳದ ಕೆಲಸರಿ," ಎಂದು ಮಾದೇವಿ ಅಳುಕುತ್ತ ಕಿವಿಯಲ್ಲಿ ಕೂಗಿದಾಗ ಆತ ಹೊಟ್ಟೆ ಹಿಡಿದು ನಕ್ಕ. "ಸಪ್ಪಳಾ? ಬನಹಟ್ಟ್ಯಾಗ? ಆದ್ರ ಇದ್ರಾಗ ನನ್ನ ಮಾತು ನಡೆಯೂದಿಲ್ರಿ. ಕೀಲಿಕೈ ನಮ್ಮವ್ವನ ಸೊಂಟದಾಗ ಐತಿ. ಮಗ್ಗದ ಜಾಗಾ ಒಲಿಗೆ ಕೊಡೂದಿಲ್ಲಂತ ಕುಂತಾಳ. ಮಧ್ಯಾಹ್ನ ನಿದ್ದಿನೂ ಇಲ್ಲ ಆಕಿಗೆ. ಮಗ್ಗ ಮಾರಿದಾಗಿಂದ ಓಣಿ ತುಂಬ ಬೈಕೋತ ತಿರಗತಾಳ."

ಹೊರಸಿನ ಮೇಲೆ ಅವನವ್ವ ಗೌರವ್ವ. ಹಣೆ ತುಂಬ ವಿಭೂತಿ, ತೆಳ್ಳನೆಯ ಮೈ, ಕಣ್ಣು ಮಾತ್ರ ಸೂಜಿ. ನಮ್ಮನ್ನು ಕೂಡ್ರಲೂ ಹೇಳಲಿಲ್ಲ.

"ಹೋಟೆಲ್ ಮಾಡವರು?" ಅಂದಳು.

"ಅಲ್ಲವ್ವಾ. ರೊಟ್ಟಿ ಬಡದು ಕಳಸವರು. ಯಾರೂ ಇಲ್ಲಿ ಬಂದು ಕುಂದ್ರೂದಿಲ್ಲ," ಅಂದಳು ಮಾದೇವಿ.

"ಬಡಿಯೂದಂದ್ರ ಎಲ್ಲಾರೂ ಬಡೀತಾರ. ನಿಮ್ಮದೇನು ದೊಡ್ಡದು?"

ಅದಕ್ಕೆ ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಿಟ್ಟು ತರಸವಾ. ನೋಡುವಂತಿ."

ಶಂಕ್ರಪ್ಪನ ಹೆಂಡತಿ ಪರಾತದ ತುಂಬ ಹಿಟ್ಟು, ಬಿಸಿನೀರು ತಂದಳು. ಗ್ಯಾಸಿನ ಒಲೆಯನ್ನೂ ಹಂಚನ್ನೂ ತಂದಿಟ್ಟರು. ಬಾಳವ್ವ ಹಿಟ್ಟು ನಾದಿ, ಕಲ್ಲಿನ ಮೇಲೆ ಬಡಿಯತೊಡಗಿದಳು. ಮಾದೇವಿ ಬೇಯಿಸಿದಳು. ಹಿಂದೆ ಮಗ್ಗಗಳ ಗದ್ದಲದಲ್ಲಿ ಅವಳ ಕೈ ಏಳುವುದು, ಬೀಳುವುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೇನೂ ಬೀಳುತ್ತಿರಲಿಲ್ಲ. ಗೌರವ್ವ ಗಲ್ಲಕ್ಕೆ ಕೈ ಹಚ್ಚಿ ನೋಡುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇದೂ ಹೋಯಿತು ಅಂದುಕೊಂಡೆ. ಮುಧೋಳದ ಆ ಯಂತ್ರ ಕಣ್ಣ ಮುಂದೆ ಬಂತು.

ಆಗ ಕರೆಂಟು ಹೋಯಿತು.

ಹಿಂದಿನ ಮಗ್ಗಗಳು, ಪಕ್ಕದವು, ಎದುರು ಓಣಿಯವು ಎಲ್ಲ ಒಂದೇ ಸಲಕ್ಕೆ ನಿಂತವು. ಅಂಥ ಮೌನ ಆ ಊರಿನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಆ ಮೌನದ ನಡುವೆ ಬಾಳವ್ವನ ಕೈ ಒಂದೇ: ಟಪ ಟಪ, ಟಪ ಟಪ. ಈಗ ಇಡೀ ಓಣಿಗೆ ಕೇಳುತ್ತದೆ, ಈಗ ಯಾರಾದರೂ ಬಂದು ಮುಖ ಗಂಟು ಹಾಕುತ್ತಾರೆ. "ಬಾಳವ್ವಾ, ಸಾಕ ಬಿಡು," ಎಂದೆ. ಅವಳು ತಲೆ ಎತ್ತಲಿಲ್ಲ.

ಬಂದರು. ಮಗ್ಗ ನಿಂತಿದ್ದರಿಂದ ಓಣಿಯವರೆಲ್ಲ ಹೊರಗಿದ್ದರು. ಬೀರಪ್ಪ ಬಾಗಿಲಲ್ಲಿ ಅಡ್ಡ ನಿಂತ. "ರೊಟ್ಟಿ ಬಡ್ಯಾಕತ್ತಾರೇನ್ರಿ? ಇಲ್ಲೆ ಚಾಲೂ ಮಾಡತೀರೇನ್ರಿ?" ಎಂದು ಮೊದಲನೆಯವನು ಕೇಳಿದ. ಬೀರಪ್ಪ ಹಂಚಿನಿಂದ ಇಳಿದ ರೊಟ್ಟಿಯೆಲ್ಲವನ್ನೂ ಅವರ ಕೈಗೆ ಕೊಡುತ್ತ ಹೋದ. ಯಾರೂ ಒಳಗೆ ಕೂಡ್ರಲು ಬರಲಿಲ್ಲ. ಅವರವರ ಮನೆ ಹತ್ತು ಹೆಜ್ಜೆಯ ಆಚೆಯೇ ಇದ್ದವು. ಬಿಸಿ ರೊಟ್ಟಿ ಹಿಡಿದು ತಮ್ಮ ಕಟ್ಟೆಗೆ ಹೋದರು.

ಶಂಕ್ರಪ್ಪ ಮೆಲ್ಲಗೆ ನನ್ನ ಹತ್ತಿರ ಬಂದ. ಹೊರಸಿನ ಕಡೆ ಕೈ ಮಾಡಿದ.

ಗೌರವ್ವನ ಗಲ್ಲ ಎದೆಗೆ ಬಿದ್ದಿತ್ತು. ನೋಡುತ್ತಿದ್ದ ಹಾಗೆ ಅಡ್ಡಡ್ಡ ವಾಲಿ, ಕಾಲು ಮಡಚಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಳು. ಬಾಳವ್ವನ ಟಪ ಟಪದ ಜೊತೆ ಅವಳ ಗೊರಕೆಯೂ ಸೇರಿತು. ಶಂಕ್ರಪ್ಪನ ಕಣ್ಣು ಒದ್ದೆಯಾಗಿದ್ದವು. "ಹುಟ್ಟಿದಾಗಿಂದ ತಲಿ ಹಂತ್ಯಾಕ ಮಗ್ಗ ಬಡೀತಿತ್ರಿ ಆಕಿಗೆ. ಈ ಮುಂದಿನವು ಮಾರಿದ ಮ್ಯಾಲ ಹಗಲಿ ಕಣ್ಣ ಮುಚ್ಚಿದ್ದ ನೋಡಿಲ್ಲ ನಾ," ಎಂದು ಪಿಸುಗುಟ್ಟಿದ.

ಈಗ ಹೊಸ ಪೇಚು. ಬಾಳವ್ವ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮುದುಕಿ ಏಳುತ್ತಾಳೆ. ಹಿಟ್ಟು ಮುಗಿಯುತ್ತ ಬಂತು. ಶಂಕ್ರಪ್ಪ ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿ ಹಿಟ್ಟು ತಂದ. ಅದೂ ಮುಗಿಯಿತು. ಮಾದೇವಿ ಬೆವರು ಸುರಿಸುತ್ತ ಹಂಚಿನ ಮುಂದೆ, ಬೀರಪ್ಪ ರೊಟ್ಟಿ ಹೊತ್ತು ಓಣಿಯ ಆ ತುದಿಗೂ ಈ ತುದಿಗೂ. ಕಡೆಯ ಉಂಡೆಯನ್ನು ಬಾಳವ್ವ ಇಷ್ಟಿಷ್ಟೇ ಬಡಿದು, ಅಗಲ ಮಾಡಿ, ಇನ್ನು ಅಗಲವಾಗದು ಅನ್ನುವವರೆಗೂ ಬಡಿದಳು. ಆಮೇಲೆ ಕೈ ನಿಂತಿತು.

ಗೌರವ್ವ ತಟ್ಟನೆ ಕಣ್ಣು ಬಿಟ್ಟಳು.

"ಯಾಕ ನಿಂತಿ?"

"ಹಿಟ್ಟು ಆತವಾ," ಅಂದಳು ಬಾಳವ್ವ.

"ಹಿಟ್ಟು ಆತಂದ್ರ ತರಸಬೇಕು. ನಿಲ್ಲಬಾರದು." ಎದ್ದು ಕೂತು, ಸೊಂಟದ ಗಂಟು ಬಿಚ್ಚಿ, ಕೀಲಿಕೈಯನ್ನು ಮಾದೇವಿಯ ಹಿಟ್ಟಿನ ಕೈಯಲ್ಲೇ ಇಟ್ಟಳು. "ನಾಳಿಂದ ಬರ್ರಿ. ನಾ ಉಂಡು ಅಡ್ಡಾಗೂದ್ರಾಗ ಚಾಲೂ ಇರಬೇಕು, ನೋಡ!"

ಮಾದೇವಿ ಅಳತೊಡಗಿದಳು. ಬಾಳವ್ವ ಅವಳಿಗೆ, "ಹುಚ್ಚಿ, ಹಂಚಿನ ಮ್ಯಾಲಿಂದು ಸೀದೀತು ನೋಡ," ಎಂದು ಬೈದಳು. ನಾನು ಮೂಗು ಒರೆಸಿಕೊಂಡೆ. ಬಾಳವ್ವನ ಅಂಗೈಗಳು ಕೆಂಪಗಾಗಿದ್ದವು. ಅವನ್ನು ಹಿಡಿದುಕೊಂಡು ಒಂದಿಷ್ಟು ಹೊತ್ತು ಹಾಗೆಯೇ ಕೂತೆ.

ಅಂದೇ ಸಂಜೆ ಮಹಾಲಿಂಗಪುರದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸಿತ್ತು. ಮಾದೇವಿ, ಬಾಳವ್ವ ಇಬ್ಬರೂ ಬಸ್ಸಿನವರೆಗೆ ಬರುತ್ತೇವೆಂದರು, ನಾನೇ ಬೇಡವೆಂದೆ. ಶೆಡ್ಡು ಗುಡಿಸಿ ತೊಳೆಯುವ ಕೆಲಸ ಅವರಿಗೆ ಬೇಕಾದಷ್ಟಿತ್ತು. ಬುತ್ತಿ ಮಾತ್ರ ಬಿಡದೆ ಕಟ್ಟಿಕೊಟ್ಟರು. ಎರಡನೆಯ ಪರಾತದ ರೊಟ್ಟಿ, ಇನ್ನೂ ಬೆಚ್ಚಗಿತ್ತು. ಓಣಿಯ ತಿರುವಿಗೆ ಬಂದಾಗ ಶಂಕ್ರಪ್ಪನ ಹೆಂಡತಿ ಮತ್ತೊಂದು ಮನೆಯಿಂದ ತಂದ ಹಿಟ್ಟಿನಲ್ಲಿ ಬಾಳವ್ವ ಮತ್ತೆ ಶುರು ಮಾಡಿದ್ದಳು. ಟಪ ಟಪ ಇಲ್ಲಿಯವರೆಗೂ ಸ್ಪಷ್ಟವಾಗಿ ಬರುತ್ತಿತ್ತು. ನಿಂತು ಕೇಳಿದೆ. ಅಷ್ಟರಲ್ಲಿ ಕರೆಂಟು ಬಂತು. ಒಂದು ಮಗ್ಗ, ಇನ್ನೊಂದು, ಆಮೇಲೆ ಊರಿಗೆ ಊರೇ ಖಟಕ್ ಖಟಕ್ ಎಂದಿತು. ಕಿವಿಗೆ ಸೆರಗು ಸುತ್ತಿಕೊಳ್ಳಲಿಲ್ಲ ನಾನು. ಬಾಳವ್ವನ ಕೈ ಸಪ್ಪಳಕ್ಕಾಗಿ ಎಷ್ಟು ಕಿವಿಗೊಟ್ಟರೂ ಏನೇನೂ ಕೇಳಿಸಲಿಲ್ಲ. ಕೇಳಿಸದಿದ್ದುದಕ್ಕೆ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.